ತಿರುಪು ಕೂರಿಸುವ ಉಸಿರು

ಗರ್ಭಕೋಶ ತೆಗೆಸಿಕೊಂಡು ಏಳು ತಿಂಗಳು ಕಳೆದಿದ್ದರೂ ಗಡಿಯಾರದಕ್ಕನಿಗೆ ಅಂಗಡಿಯ ಮೇಜಿನ ಮುಂದೆ ಎಂಟು ನಿಮಿಷಕ್ಕಿಂತ ಹೆಚ್ಚು ಕೂರಲಾಗುತ್ತಿರಲಿಲ್ಲ. ಎಂಟು ಎಂಬುದು ಅಂದಾಜಿನ ಮಾತಲ್ಲ. ಕೈಗಡಿಯಾರಗಳ ರಿಪೇರಿಯಲ್ಲೇ ಮೂವತ್ತು ವರ್ಷ ಸವೆಸಿದವಳು ನೋವನ್ನೂ ಮುಳ್ಳು ನೋಡಿಯೇ ಅಳೆಯುತ್ತಿದ್ದಳು. ಒಂಬತ್ತನೆಯ ನಿಮಿಷಕ್ಕೆ ಕಿಬ್ಬೊಟ್ಟೆಯ ಆಳದಲ್ಲಿ ಯಾರೋ ಹಗ್ಗ ಹೊಸೆದಂತಾಗಿ, ಸೆಳೆತ ಬಾಲಮೂಳೆಯವರೆಗೂ ಹರಿಯುತ್ತಿತ್ತು. ಸ್ಕ್ಯಾನಿನಲ್ಲಿ ಏನೂ ಇಲ್ಲ, ಗಾಯ ಮಾಗಿದೆ ಎಂದು ಆಪರೇಷನ್ ಮಾಡಿದ ಡಾಕ್ಟರು ಎರಡು ಸಲ ಹೇಳಿದ್ದರು. ಹಾಗಾದರೆ ನೋಯುತ್ತಿರುವುದೇನು? ಈ ಪ್ರಶ್ನೆಯೇ ನೋವಿಗಿಂತ ಹೆಚ್ಚಾಗಿ ಅವಳನ್ನು ತಿನ್ನುತ್ತಿತ್ತು. ಸೋಮವಾರ ಅಣ್ಣನಿಗೆ ಉತ್ತರ ಹೇಳಬೇಕು: ಅಪ್ಪನ ಅಂಗಡಿಯಲ್ಲಿ ಅವಳು ಕೂರುವಳೋ, ಇಲ್ಲ ಅದನ್ನು ಮೊಬೈಲ್ ಮಾರುವವನಿಗೆ ಬಿಟ್ಟುಕೊಡುವುದೋ.

ಸೊಂಟದೊಳಗಿನ ಸ್ನಾಯುಗಳಿಗೆ ಚಿಕಿತ್ಸೆ ಕೊಡುವ ಫಿಸಿಯೋ ಮೇಡಂ ಬಳಿಗೆ ಇದು ನಾಲ್ಕನೆಯ ಭೇಟಿ. ಮೊದಲ ದಿನ ಅವರು ಕೈಗವಸು ತೊಟ್ಟು, ಮುಟ್ಟುವ ಮುನ್ನ ಪ್ರತಿ ಸಲವೂ ಒಪ್ಪಿಗೆ ಕೇಳಿ ಪರೀಕ್ಷಿಸಿ, "ಸಡಿಲ ಆಗೋದನ್ನೇ ಮರೆತುಬಿಟ್ಟಿವೆ ಅಕ್ಕ ಇವು" ಎಂದಿದ್ದರು. ಹೊಲಿಗೆ ಬಿಚ್ಚೀತೆಂದು ಅತ್ತಿಗೆ ಹೆದರಿಸಿದ್ದರಿಂದ ಅವಳು ಅಷ್ಟು ತಿಂಗಳೂ ಹೊಟ್ಟೆ ಬಿಗಿಹಿಡಿದೇ ಓಡಾಡಿದ್ದಳು. ಆ ಅಭ್ಯಾಸ ಬಿಡಿಸಿದ ಮೇಲೆ ಮನೆಯಲ್ಲಿ ಅರ್ಧ ಗಂಟೆ ಕೂರುವುದು ಸಾಧ್ಯವಾಯಿತು. ಅಂಗಡಿಯಲ್ಲಿ ಮಾತ್ರ ಅದೇ ಎಂಟು ನಿಮಿಷ. ಅದಕ್ಕೇ ಈ ಸಲ ಕೆಲಸದ ಸಾಮಾನನ್ನೇ ತರಲು ಹೇಳಿದ್ದರು.

"ಇವಳನ್ನ ರಿಪೇರಿಗೆ ಅಂತ ಕರ್ಕೊಂಡು ಬಂದ್ರೆ, ಇಲ್ಲೂ ಅಂಗಡಿ ಹರಡಿದ್ಲು ನೋಡಿ," ಎಂದಳು ಚೀಲ ಹೊತ್ತು ತಂದಿದ್ದ ಅತ್ತಿಗೆ.

"ನಿಮಗೆ ಬೆಳಿಗ್ಗೆನೇ ಯಾರು ಕೀ ಕೊಟ್ರು ಅತ್ತಿಗೆ? ಸುಮ್ನೆ ಕೂತ್ಕೊಳ್ಳಿ."

ಗಡಿಯಾರದಕ್ಕ ಮೇಡಂ ಮೇಜಿನ ಮುಂದೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಸಾಸಿವೆಗಿಂತ ಸಣ್ಣ ತಿರುಪನ್ನು ಚಿಮಟದಲ್ಲಿ ಎತ್ತಿದಳು. ಮೇಡಂ ಅವಳ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ನಿಂತರು.

"ಈಗ ಉಸಿರಾಡ್ತಾ ಇದ್ದೀರಾ?"

ತಿರುಪು ಕೂತ ಮೇಲಷ್ಟೇ ಉತ್ತರ ಬಂತು. "ಇಲ್ಲ. ಆಡಿದ್ರೆ ಕೈ ಅಲ್ಲಾಡುತ್ತೆ. ಉಸಿರು ಹಿಡಿ, ಆಮೇಲೆ ಕೈ ಇಡು ಅಂತಲೇ ಅಪ್ಪ ಕಲಿಸಿದ್ದು."

"ನೀವು ಉಸಿರು ಹಿಡಿದಾಗೆಲ್ಲ ಕೆಳಗಿನ ಸ್ನಾಯುನೂ ಮುಷ್ಟಿ ಕಟ್ಟುತ್ತೆ."

"ಮೂವತ್ತು ವರ್ಷದಿಂದ ಹೀಗೇ ಮಾಡಿದ್ದೀನಿ. ಆಗ ನೋಯ್ಲಿಲ್ವಲ್ಲ?"

"ಆಗ ಕಟ್ಟಿದ ಮುಷ್ಟಿ ತಾನಾಗೇ ಬಿಚ್ತಿತ್ತು. ಆಪರೇಷನ್ ಆದ್ಮೇಲೆ ಸ್ನಾಯುಗಳು ಬೆದರಿವೆ, ಬಿಚ್ಚೋಕೆ ಬರ್ತಿಲ್ಲ."

ಒಳಗೆ ಏನೋ ಉಳಿದಿದೆ ಎಂದು ಹೆದರಿದ್ದವಳಿಗೆ, ಅನ್ನ ಕೊಟ್ಟ ವಿದ್ಯೆಯೇ ನೋಯಿಸುತ್ತಿದೆ ಎಂಬ ಮಾತು ಅದಕ್ಕಿಂತ ಹೆಚ್ಚು ಭಯ ತಂದಿತು. "ಹಾಗಾದ್ರೆ ಈ ಕೆಲಸ ನನಗಿನ್ನು ಆಗಲ್ವಾ?"

"ಹಾಗನ್ಲಿಲ್ಲ. ಉಸಿರು ಮೆಲ್ಲಗೆ ಹೊರಗೆ ಹೋಗ್ತಿರೋವಾಗ ತಿರುಪು ಇಟ್ಟು ನೋಡಿ."

ಮೊದಲ ಸಲ ತಿರುಪು ಹಾರಿ ಹೋಯಿತು. ಅತ್ತಿಗೆ ಮಂಡಿಯೂರಿ ಪರೀಕ್ಷೆಯ ಮಂಚದಡಿ ತಡಕುತ್ತ, "ಇದಕ್ಕಿಂತ ನಿನ್ನ ಅಣ್ಣನಿಗೆ ಬುದ್ಧಿ ಹುಡುಕೋದು ಸುಲಭ," ಎಂದಳು. ಎರಡನೆಯ ಸಲ ಚಿಮಟದ ತುದಿ ನಡುಗಿ ಗಡಿಯಾರದ ಒಡಲಿಗೆ ಗೀರು ಬಿತ್ತು; ಕಲಿಯಲು ಕೂತ ಮೊದಲ ವರ್ಷದ ನಂತರ ಅವಳ ಕೈಯಿಂದ ಅಂಥದ್ದಾಗಿರಲಿಲ್ಲ. ಮೂರನೆಯ ಸಲ, ತುಟಿ ಕಿರಿದು ಮಾಡಿ ಉಸಿರನ್ನು ಎಳೆಯಾಗಿ ಬಿಡುತ್ತಿರುವಾಗಲೇ ತಿರುಪು ತನ್ನ ಕುಳಿಗೆ ಇಳಿಯಿತು.

ಸೆಳೆತ ಬಂದಾಗ ಗೋಡೆಯ ಗಡಿಯಾರದ ಪ್ರಕಾರ ಅವಳು ಕೂತು ಹನ್ನೊಂದು ನಿಮಿಷವಾಗಿತ್ತು. ಹಗ್ಗ ಅದೇ, ಹುರಿ ಮಾತ್ರ ಕೊಂಚ ಸಡಿಲ.

"ನಿಮ್ಮಣ್ಣನಿಗೆ ಏನಂತ ಹೇಳ್ಲೇ?" ಎಂದಳು ಅತ್ತಿಗೆ, ಸೀರೆಯ ಧೂಳು ಕೊಡವುತ್ತ.

"ಕೂರ್ತಾಳೆ ಅನ್ನಿ. ಹತ್ತು ನಿಮಿಷಕ್ಕೊಂದು ಸಲ ಎದ್ದು ನಿಲ್ತಾಳೆ ಅಂತಲೂ ಹೇಳಿ."

ಮೇಡಂ ತಮ್ಮ ಪಕ್ಕೆಲುಬಿನ ಮೇಲೆ ಕೈಯಿಟ್ಟು ತೋರಿಸಿದರು. ತಾನು ಮತ್ತೆ ಉಸಿರು ಹಿಡಿದಿರುವುದು ಆಗ ಅವಳಿಗೆ ತಿಳಿಯಿತು.