ಬಂಗಾರಿಯ ಮೈಮೇಲಿನ ಬಿಳಿ ಚುಕ್ಕೆ

ಗಜೇಂದ್ರಗಡದಲ್ಲಿ ಸಮುದ್ರದ ಮೀನು ಸಾಕಿದವಳು ನಾನೊಬ್ಬಳೇ. ಹುಚ್ಚು ಅನ್ನುವವರು ಅನ್ನಲಿ. ಬಸ್ ನಿಲ್ದಾಣದ ಹಿಂದಿರುವ ನನ್ನ ಹಲ್ಲಿನ ದವಾಖಾನೆಯಲ್ಲಿ, ರೋಗಿಗಳು ಕಾಯುವ ಬೆಂಚಿನ ಎದುರಿಗೇ, ಉದ್ದನೆಯ ಗಾಜಿನ ತೊಟ್ಟಿ ಇದೆ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಉಪ್ಪಿನ ಚೀಲ ತರಿಸಿ, ಶುದ್ಧ ನೀರಿಗೆ ಬೆರೆಸಿ, ಸಮುದ್ರವನ್ನು ನಾನೇ ತಯಾರಿಸುತ್ತೇನೆ. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನು, ಕಲ್ಲಿನ ಸಂದಿಯಲ್ಲಿ ನಾಲ್ಕಾರು ಸಿಗಡಿ, ಮತ್ತು ಬಂಗಾರಿ. ಅಂಗೈಯಗಲದ ಆ ಹಳದಿ ಮೀನಿಗೆ ಹೆಸರಿಟ್ಟವರು ನಮ್ಮ ಅತ್ತೆ ವೆಂಕೂಬಾಯಿ. ಮಡಿಯವರ ಮನೆಯಲ್ಲಿ ಮೀನೇ ಎಂದು ನೆಂಟರು ಮೂಗು ಮುರಿದಾಗ, "ನೋಡ್ಲಿಕ್ಕೆ ಅದ, ತಿನ್ಲಿಕ್ಕಲ್ಲ" ಎಂದವರೂ ಅವರೇ. ದಿನವೂ ಪೂಜೆ ಮುಗಿಸಿ ಬಂದು, ಸಮುದ್ರಪಾಚಿಯ ಚೂರನ್ನು ಬೆರಳಲ್ಲಿ ಹಿಡಿದು ಅದಕ್ಕೆ ತಿನ್ನಿಸುತ್ತಿದ್ದರು.

ಒಂದು ಸೋಮವಾರ ಬಂಗಾರಿ ಕಲ್ಲಿಗೆ ಮೈ ಉಜ್ಜತೊಡಗಿದಳು. ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಟಾರ್ಚು ಹಿಡಿದು ನೋಡಿದೆ. ರೆಕ್ಕೆಯ ಮೇಲೆ, ಬಾಲದ ಮೇಲೆ, ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು. ಹಿಟ್ಟಿನ ಧೂಳಿನ ಹಾಗೆ ಇದ್ದಿದ್ದರೆ ಅದು ಬೇರೆ ರೋಗ, ಒಂದೆರಡು ದಿನದಲ್ಲೇ ಕೊಲ್ಲುವಂಥದ್ದು. ಇದು ಚುಕ್ಕೆ ರೋಗ. ಸಣ್ಣ ಪರಾವಲಂಬಿ ಜೀವಿಯೊಂದು ಮೀನಿನ ಚರ್ಮದೊಳಗೆ ಹೊಕ್ಕು, ಅಲ್ಲೇ ತಿಂದು ಕೊಬ್ಬುತ್ತದೆ.

ಹಲ್ಲಿನ ಸೆಟ್ಟಿಗೆ ಅಳತೆ ಕೊಡಲು ಮೆಣಸಗಿಯಿಂದ ಬಂದಿದ್ದ ಕಳಕವ್ವ ನನಗಿಂತ ಮೊದಲೇ ರೋಗಕ್ಕೆ ಹೆಸರು ಕೊಟ್ಟುಬಿಟ್ಟಳು.

"ಅಯ್ಯ ಬಾಯಾರ, ಮೀನಿಗೆ ಅಮ್ಮ ಬಂದಾಳ್ರಿ! ಔಷಧಾ ಗಿವಷಧಾ ಮುಟ್ಟಿಸಬ್ಯಾಡ್ರಿ ಮತ್ತ. ತಾಯಿ ಸಿಟ್ಟಾಗ್ತಾಳ."

ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಮುಚ್ಚಳದ ಮೇಲೆ ಬೇವಿನ ತೊಪ್ಪಲು ಬಂದು ಕೂತಿತು. ಇಟ್ಟವರು ಅತ್ತೆ. ಅರಿಷಿಣವೂ ನೀರಿಗೆ ಬೀಳುವುದರಲ್ಲಿತ್ತು, ಕೈ ಹಿಡಿದೆ.

"ಅತ್ಯಾ, ಇದು ಅಮ್ಮ ಅಲ್ರಿ, ಹುಳ. ನಾಕ ದಿನದಾಗ ಚುಕ್ಕಿ ತಾವ ಹೋಗ್ತಾವ. ಹೋದ್ವು ಅಂತ ನಂಬಬ್ಯಾಡ್ರಿ. ಉಸುಕಿನಾಗ ಬಿದ್ದು, ಒಂದು ನೂರಾಗಿ ಎದ್ದು ಬರ್ತಾವ."

ಅವರು ನನ್ನ ಮುಖವನ್ನೇ ನೋಡಿದರು.

ಹುಬ್ಬಳ್ಳಿಯಿಂದ ತಾಮ್ರದ ಔಷಧ ಬರುವಷ್ಟರಲ್ಲಿ ಚುಕ್ಕೆಗಳು ಮಾಯವಾದವು. ಬಂಗಾರಿ ಮತ್ತೆ ಪಾಚಿಗೆ ಬಾಯಿ ಹಾಕಿದಳು. ಬೆಂಚಿನ ಮೇಲಿನವರೆಲ್ಲ ಹಲ್ಲುನೋವು ಮರೆತು ಖುಷಿಪಟ್ಟರು. ಅಮ್ಮ ಇಳಿದ ಮೇಲೆ ಮಗುವಿಗೆ ಬೇವಿನ ನೀರು ಎರೆದು, ಮೊಸರನ್ನದ ಎಡೆ ಹಿಡಿದು, ತಾಯಿಯನ್ನು ಕಳಿಸಿಕೊಡುವುದು ನಮ್ಮ ಕಡೆಯ ರೂಢಿ. ಅದಕ್ಕೆ ನೀರು ಹಾಕುವುದು ಅನ್ನುತ್ತಾರೆ. ಬಂಗಾರಿಗೂ ನೀರು ಹಾಕಬೇಕೆಂದು ಮಾತಾಯಿತು. ನೀರಿನಲ್ಲೇ ಇರುವ ಮೀನಿಗೆ ನೀರು ಹೇಗೆ ಹಾಕುತ್ತೀರಿ ಎಂದು ಕೇಳಿದೆ. ಯಾರೂ ನಗಲಿಲ್ಲ.

ನಾನು ಎಕ್ಸರೇ ಕೋಣೆಯಲ್ಲಿ ಬೇರೊಂದು ತೊಟ್ಟಿ ಸಿದ್ಧ ಮಾಡಿದೆ. ಕಲ್ಲಿಲ್ಲ, ಉಸುಕಿಲ್ಲ, ಬರೀ ಉಪ್ಪುನೀರು. ಕ್ಲೌನ್ ಮೀನುಗಳನ್ನು ಹಿಡಿದು ಅದರಲ್ಲಿ ಬಿಟ್ಟೆ. ಬಂಗಾರಿಗೆ ಬಲೆ ಹಾಕಹೋದರೆ ಅತ್ತೆ ತೊಟ್ಟಿಗೆ ಅಡ್ಡ ನಿಂತರು.

"ಹೋದ ಬ್ಯಾನಿಗೆ ಯಾಕ ಔಷಧ? ಇಕಿನ್ನ ಹಿಡೀಲಿಕ್ಕೆ ಬಿಡೂದಿಲ್ಲ."

ನನ್ನ ಗಂಡ ಜಯತೀರ್ಥ ಯಾವಾಗಲೂ ಎರಡು ದೋಣಿಯಲ್ಲಿ ಕಾಲಿಟ್ಟವರು. "ಅದೊಂದು ಇಲ್ಲೇ ಇರ್ಲಿ ಮಧುರಾ. ಇಲ್ಲಾಂದ್ರ ಔಷಧಾನ ಇದರಾಗ ಹಾಕಿಬಿಡು."

"ಹಾಕಿದ್ರ ಸಿಗಡಿ ಎಲ್ಲಾ ಸಾಯ್ತಾವ್ರಿ. ಒಂದ ಮೀನು ಬಿಟ್ರೂ ಹುಳಕ್ಕ ಊಟ ಇಟ್ಟಂಗ. ತೊಟ್ಟಿ ಎರಡು ತಿಂಗಳ ಮ್ಯಾಲ ಮೀನಿಲ್ಲದ ಖಾಲಿ ಇರಬೇಕು. ಸಿಗಡಿ ಮ್ಯಾಲ ಈ ಹುಳ ಬದುಕೂದಿಲ್ಲ. ಉಪಾಸ ಬಿದ್ದು ಸಾಯಬೇಕು ಅವು."

ಮೂರು ದಿನ ಈ ಜಗಳ ನಡೆಯಿತು. ನಾಲ್ಕನೆಯ ದಿನ ಅತ್ತೆ ಮಠಕ್ಕೆ ಹೋದದ್ದೇ ತಡ, ಅರ್ಧ ನೀರು ತೆಗೆದು, ಕಲ್ಲುಗಳನ್ನೆಲ್ಲ ಎತ್ತಿಟ್ಟು ಬಂಗಾರಿಯನ್ನು ಹಿಡಿದೆ. ಕದ್ದು ಮಾಡಿದೆ ಅಂದುಕೊಳ್ಳಿ, ನನಗೇನು. ಬೆಂಚಿನ ತುಂಬ ಜನರಿದ್ದರು, ಎಲ್ಲರೂ ನೋಡಿದರು.

ಅತ್ತೆ ಬಂದು ಖಾಲಿ ತೊಟ್ಟಿ ನೋಡಿದರು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು, ದವಾಖಾನೆಗೂ ಬರಲಿಲ್ಲ.

ತಾಮ್ರ ಕಡಿಮೆಯಾದರೆ ಹುಳ ಸಾಯುವುದಿಲ್ಲ, ಹೆಚ್ಚಾದರೆ ಮೀನೇ ಸಾಯುತ್ತದೆ. ಒಮ್ಮೆಲೇ ಹಾಕುವಂತೆಯೂ ಇಲ್ಲ. ಹನಿಹನಿಯಾಗಿ ಏರಿಸುತ್ತ, ದಿನವೂ ನೀರು ಪರೀಕ್ಷೆ ಮಾಡುತ್ತ ಹೋದೆ. ಅಷ್ಟರಲ್ಲಿ ಬಂಗಾರಿಯ ಮೈಮೇಲೆ ಚುಕ್ಕೆಗಳು ಮತ್ತೆ ಎದ್ದವು. ಮೊದಲಿನಂತಲ್ಲ, ಕಣ್ಣಿನ ಮೇಲೂ ಎದ್ದವು. ಜಗಳದಲ್ಲಿ ಹೋದ ದಿನಗಳಲ್ಲೇ ಹುಳದ ಮರಿಗಳು ಅವಳ ಮೈ ಹೊಕ್ಕಿದ್ದವು. ಚರ್ಮದೊಳಗೆ ಕೂತಿರುವ ತನಕ ಯಾವ ಔಷಧವೂ ಅವುಗಳನ್ನು ಮುಟ್ಟುವುದಿಲ್ಲ. ಕಳಚಿ ಬಿದ್ದು, ಮರಿ ಹಾಕಿದಾಗ, ಆ ಮರಿಗಳನ್ನು ತಾಮ್ರ ಕೊಲ್ಲಬೇಕು. ಕಾಯುವುದೊಂದೇ ದಾರಿ.

ಇದನ್ನು ಊರಿಗೆ ಹೇಳಿದರೆ ಯಾರು ಕೇಳುತ್ತಾರೆ? ಚುಕ್ಕೆ ಮರಳಿ ಬರುತ್ತವೆ ಎಂದು ಮೊದಲು ಹೇಳಿದವಳು ನಾನು. ಬಂದಾಗ ತಪ್ಪು ನನ್ನದೇ ಆಯಿತು. ಹಲ್ಲಿನ ಸೆಟ್ಟು ಒಯ್ಯಲು ಬಂದ ಕಳಕವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. "ಹೋದ ತಾಯಿನ್ನ ಕೆಣಕಿ ಕರದ್ರಿ ಬಾಯಾರ. ಇನ್ನರ ಮೀನು ತಿರುಗಿ ಬಿಡ್ರಿ, ತಪ್ಪಾತು ಅನ್ರಿ." ಅವಳ ಕಣ್ಣಲ್ಲಿ ನಿಜವಾದ ನೀರಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಬಿಡೂದಿಲ್ಲ," ಅಂದೆ. "ಸತ್ರ ನನ್ನ ಕೈಯಾಗ ಸಾಯ್ಲಿ. ಕೈ ಕಟ್ಟಿ ಕೂತು ಸಾಯ್ಲಿಕ್ಕೆ ಬಿಡೂದಿಲ್ಲ."

ಮರುದಿನ ಒಂದು ಕ್ಲೌನ್ ಮೀನು ಸತ್ತಿತು. ಜಯತೀರ್ಥ ಬಲೆ ಹಿಡಿದು ಬಂದು, "ಇನ್ನ ಸಾಕು ಮಾಡು" ಎಂದರು. ಬಲೆ ಕಸಿದುಕೊಂಡು ಎಕ್ಸರೇ ಕೋಣೆಯ ಬಾಗಿಲು ಹಾಕಿಕೊಂಡೆ. ಹೆದರಿಕೆ ಆಗಿತ್ತು, ಸುಳ್ಳು ಯಾಕೆ. ಬಂಗಾರಿ ಮೂಲೆಯಲ್ಲಿ ವಾಲಿಕೊಂಡು ನಿಂತಿದ್ದಳು. ಅವಳು ಹೋದರೆ ಆ ಮನೆಯಲ್ಲಿ, ಈ ಊರಿನಲ್ಲಿ, ನನ್ನ ಮಾತಿಗೆ ಇನ್ನು ಯಾವತ್ತೂ ಬೆಲೆ ಇರುವುದಿಲ್ಲ. ಆದರೂ ಅಳತೆ ನೋಡಿ ಔಷಧ ಹಾಕಿದೆ.

ಚುಕ್ಕೆಗಳು ಎರಡನೆಯ ಸಲ ಹೋದವು. ಈ ಸಲ ನಾನು ಯಾರಿಗೂ ಹೇಳಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಮೈ ಮೇಲೆ ಒಂದು ಚುಕ್ಕೆಯೂ ಏಳಲಿಲ್ಲ. ಅವತ್ತು ಮನೆಗೆ ಹೋಗಿ, ಮಾತು ಬಿಟ್ಟವರ ಮುಂದೆಯೇ ನಿಂತು, "ಬಂಗಾರಿಗೆ ಹಸಿವಿ ಆಗ್ಯದ, ಬರ್ರಿ" ಅಂದೆ.

ಅತ್ತೆ ಎಕ್ಸರೇ ಕೋಣೆಗೆ ಬಂದರು. ಪಾಚಿಯ ಚೂರನ್ನು ನೀರಿಗೆ ಹಿಡಿದರು. ಬಂಗಾರಿ ಸರಕ್ಕನೆ ಬಂದು ಕಿತ್ತುಕೊಂಡಳು. ಅವರು ನಗುತ್ತಾರೆ ಅಂದುಕೊಂಡಿದ್ದೆ. ಕುರ್ಚಿಯ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿ ಅತ್ತರು.

"ಜಯತೀರ್ಥನ ಮೊದಲು ಒಂದು ಹೆಣ್ಣಕೂಸು ಇತ್ತು ನನಗ. ಅಕಿಗೂ ಅಮ್ಮ ಬಂದಿದ್ಳು. ಚುಕ್ಕಿ ಹೋದ್ವು, ನೀರು ಹಾಕಿದ್ರು, ಎಡಿ ಹಿಡದ್ರು. ಸಂಜಿಗೆ ಕೂಸಿಗೆ ಉಸಿರು ಹತ್ತಿತು. ದವಾಖಾನಿಗೆ ಒಯ್ಯೋಣ ಅನ್ನೋ ಮಾತು ಬಾಯಿತನಕ ಬಂತು. ಅತ್ತಿ ಮಾವನ ಮುಂದ ಅನ್ನಲಿಲ್ಲ." ಮೂಗು ಒರೆಸಿಕೊಂಡರು. "ನಿನ್ನ ಔಷಧದಿಂದ ಇದು ಬದುಕಬಾರದು ಅಂತನ ಅಂದ್ಕೊಂಡಿದ್ದೆ, ಮಧುರಾ. ಬದುಕಿದ್ರ, ನನ್ನ ಕೂಸೂ ಬದುಕತಿತ್ತು ಅಂತ ಆಗ್ತದಲ್ಲ. ಬದುಕತಿತ್ತೇನು?"

ಇಷ್ಟು ದಿನ ಯಾರ ಮುಂದೆಯೂ ಬಗ್ಗದ ನನಗೆ ಆಗ ಬದುಕುತ್ತಿರಲಿಲ್ಲ ಎಂದು ಒಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು. ಅವರು ನನ್ನ ಕೈ ಬಿಗಿಯಾಗಿ ಹಿಡಿದಿದ್ದರು, ಕಣ್ಣು ತೆಗೆಯಲಿಲ್ಲ.

"ಬದುಕತಿತ್ರಿ, ಅತ್ಯಾ," ಅಂದೆ.

ಅವರು ನನ್ನ ಕೈ ಬಿಟ್ಟರು. ಆಮೇಲೆ ಮುಖ ತೊಳೆದು ಹೊರಗೆ ಹೋದರು. ಹಲ್ಲಿನ ಸೆಟ್ಟು ಒತ್ತುತ್ತದೆ ಎಂದು ಬಂದಿದ್ದ ಕಳಕವ್ವ ಖಾಲಿ ತೊಟ್ಟಿಯ ಎದುರಿಗೆ ಕೂತಿದ್ದಳು. "ಆರಾಮ ಆತಂತಲ್ರಿ ಬಾಯಾರ, ಇನ್ನ ಇದರಾಗ ಬಿಡ್ರಲ್ಲ, ನೀರು ಹಾಕೂನು" ಎಂದಳು. ಜಯತೀರ್ಥ ಹೌದೆನ್ನುವಂತೆ ತಲೆಯಾಡಿಸಿದರು. ಅತ್ತೆ ತೊಟ್ಟಿಯ ಮೇಲೆ ಒಣಗಿದ್ದ ಬೇವಿನ ಎಲೆಗಳನ್ನು ಗುಡಿಸಿ ಕೈಗೆ ತೆಗೆದುಕೊಂಡರು.

"ಬಿಡೂದಿಲ್ಲ," ಅಂದರು. "ಹುಳ ಸಾಯೂತನಕ ಖಾಲಿನ ಇರ್ತದ. ಯಾರೂ ಮಾತಾಡಬ್ಯಾಡ್ರಿ. ಈ ಸಲ ನಾ ಮಾತಾಡ್ತೀನಿ."