ಗ್ಯಾಸ್ ಲಾರಿಗೆ ಎತ್ತಿದ ಆರತಿ

ಗೋಪಾಲಪ್ಪನ ಮನೆಯ ಜಗಲಿ ಮುಂದೆ ಬಂದು ನಿಂತಳು ಸಿಂಚನ. ಚಪ್ಪಲಿ ಬಿಡುವುದೋ ಬೇಡವೋ ಎಂದು ಕಾಲಿನಲ್ಲೇ ತಡವರಿಸುತ್ತಿದ್ದಳು. ಒಳಗಿನಿಂದ ಅವನೇ ಕಂಡ. ಎಲೆಅಡಿಕೆ ಉಗಿಯಲು ಎದ್ದವನಂತೆ ಎದ್ದು ಬಂದು, ಉಗಿದು, ಆಮೇಲೆ ಮಾತಾಡಿದ.

"ಏನ್ ಕಣಮ್ಮ, ಎಂಎಲ್ಎ ಮನೆಗ್ ಕರಿಯಾಕ್ ಬಂದ್ಯಾ? ಮೊದ್ಲು ನಿಮ್ಮಮ್ಮನ್ನ ಕೇಳು. ಆರತಿ ಎತ್ತಿ ಒಳೀಕ್ ಕರ್ಕೊಂಡೋಳು ಅವ್ಳು, ಓಡ್ಸಾಕ್ ನಾವ್ ಬರ್ಬೇಕಾ?"

ಬೆಳಗಿನಿಂದ ಇದೇ ಮಾತನ್ನು ಅವಳು ಮನೆಮನೆಯಲ್ಲೂ ಕೇಳಿಯಾಗಿತ್ತು. ಕೆಲವರು ನಗುತ್ತಾ ಅಂದರು, ಕೆಲವರು ಬಾಗಿಲು ಅರ್ಧ ಮುಚ್ಚಿಕೊಂಡು ಅಂದರು. ಗೋಪಾಲಪ್ಪ ವರಸೆಯಲ್ಲಿ ದೊಡ್ಡಪ್ಪನಾಗಬೇಕು, ಅವನಾದರೂ ಬಂದಾನು ಎಂದು ಕೊನೆಗೆ ಉಳಿಸಿಕೊಂಡಿದ್ದಳು. ಡಿಗ್ರಿ ಮುಗಿಸಿದ್ದರೂ ಎದುರಿನವರ ಮುಖ ನೋಡಿ ನಾಲ್ಕು ಮಾತಾಡಲು ಬಾರದ ಹುಡುಗಿ. ತಿರುಗಿ ನಡೆದಳು.

ಆದದ್ದು ಇಷ್ಟು. ಊರಿನ ಕುಡಿಯುವ ನೀರಿನ ಬೋರು ಬತ್ತಿಹೋಗಿ, ಹೊಸದು ಕೊರೆಸಿಕೊಡಿ ಎಂದು ಸಿಂಚನಳ ತಾಯಿ ಮುನಿಲಕ್ಷ್ಮಮ್ಮ ಪಂಚಾಯ್ತಿಗೆ ಅಲೆದೂ ಅಲೆದೂ ಸಾಕಾಗಿದ್ದಳು. ಒಂದು ಬೆಳಿಗ್ಗೆ ಕೆರೆ ಪಕ್ಕದ ಅವರ ದ್ರಾಕ್ಷಿ ತೋಟದ ಅಂಚಿಗೆ ದೊಡ್ಡ ಲಾರಿ ಬಂದು ನಿಂತಿತು. ಮೇಲೆ ಕೊರೆಯುವ ಯಂತ್ರ, ಉದ್ದುದ್ದ ಕಬ್ಬಿಣದ ರಾಡು. ಕೆಲಸದವರು ತಮಿಳು ಮಾತಾಡುತ್ತಿದ್ದರು. ಈ ಕಡೆ ಬೋರು ಕೊರೆಯಲು ಬರುವವರು ಯಾವಾಗಲೂ ತಮಿಳುನಾಡಿನವರೇ, ಇನ್ನು ಕೇಳುವುದೇನು? ಗಂಗೆ ಬರುವ ಮುಂಚೆ ಮನೆ ಹೆಂಗಸು ಲಾರಿಗೆ ಪೂಜೆ ಮಾಡದಿದ್ದರೆ ನೀರು ಮುನಿದು ಕೆಳಗಿಳಿಯುತ್ತದೆ ಎಂಬುದು ಊರಿನ ನಂಬಿಕೆ. ಮುನಿಲಕ್ಷ್ಮಮ್ಮ ಮಡಿ ಸೀರೆ ಉಟ್ಟು, ಚಕ್ರದಡಿ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹಿತ್ತಾಳೆ ತಟ್ಟೆಯಲ್ಲಿ ಆರತಿ ಎತ್ತಿದಳು. ಹೆಲ್ಮೆಟ್ ಹಾಕಿದ್ದವನೊಬ್ಬ ಫೋಟೋ ತೆಗೆದ. ಅವಳು ಸೆರಗು ಸರಿಮಾಡಿಕೊಂಡು ನಕ್ಕಿದ್ದಳು ಕೂಡ.

ಅದು ನೀರಿನ ಲಾರಿ ಆಗಿರಲಿಲ್ಲ. ಗ್ಯಾಸ್ ಪೈಪು ಹಾಯಿಸಲು ಕೆರೆ ಏರಿಯ ಅಡಿಯಿಂದ ಕೊರೆದುಕೊಂಡು ಹೋಗುವ ಕಂಪನಿಯ ಲಾರಿ. ವಾರ ಕಳೆಯುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸ್ ಎದ್ದಿತು: ‘ಗ್ಯಾಸ್ ಪೈಪ್‌ಲೈನ್‌ಗೆ ರೈತರ ತುಂಬುಹೃದಯದ ಸ್ವಾಗತ’. ನಡುವೆ ತಟ್ಟೆ ಹಿಡಿದ ಮುನಿಲಕ್ಷ್ಮಮ್ಮ.

ಅಂದಿನಿಂದ ಅವಳು ಡೈರಿಗೆ ಹಾಲು ಒಯ್ಯುವುದು ಎಲ್ಲರೂ ಹೋದ ಮೇಲೆ, ಹಿತ್ತಲ ಓಣಿಯಲ್ಲಿ. ತಟ್ಟೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದಿದ್ದಳು.

ನೆಲ ಎಲ್ಲಿಗೂ ಹೋಗುವುದಿಲ್ಲ, ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ ಎಂದು ಕಂಪನಿಯವರು ನಯವಾಗಿ ಹೇಳಿದ್ದರು. ಪೈಪು ಹೋದ ಪಟ್ಟಿಯಲ್ಲಿ ಮಾತ್ರ ಮನೆ ಕಟ್ಟಬಾರದು, ಬಾವಿ ತೋಡಬಾರದು, ಮರ ನೆಡಬಾರದು, ಕಲ್ಲುಕಂಬ ಹೂಳಬಾರದು. ಕಂಬವಿಲ್ಲದೆ ದ್ರಾಕ್ಷಿ ಬಳ್ಳಿ ಎಲ್ಲಿ ಹಬ್ಬಬೇಕು, ಆಕಾಶಕ್ಕಾ? ಪಟ್ಟಿ ಹಾಯುವುದು ತೋಟದ ನಟ್ಟನಡುವೆ. ಈಗಾಗಲೇ ಕೀಳಬೇಕಾದ ಒಂದು ಸಾಲು ಕಂಬಕ್ಕೆ ಕೆಂಪು ಬಣ್ಣ ಬಳಿದು ಹೋಗಿದ್ದರು.

ಸಿಂಚನಳ ತಂದೆ ಗಂಗಣ್ಣ ಒಬ್ಬನೇ ಶಾಸಕರ ಮನೆಗೆ ಹೋಗಿ ಗೇಟಿನಿಂದಲೇ ವಾಪಸಾಗಿದ್ದ. "ಒಬ್ಬ ಹೋದ್ರೆ ಅರ್ಜಿ, ಊರು ಹೋದ್ರೆ ಮಾತು" ಎಂದು ಅಂದು ಮಲಗಿದವನು ಮತ್ತೆ ಆ ವಿಷಯ ಎತ್ತಲಿಲ್ಲ. ಸಿಂಚನ ಎತ್ತಿಕೊಂಡಳು. ಪೈಪಿನ ಕಾನೂನು ದೆಹಲಿಯದು, ನಿಜ. ಆದರೆ ಅಧಿವೇಶನ ಹತ್ತಿರದಲ್ಲಿತ್ತು. ಮಾಲೀಕರು ಒಪ್ಪದೆ ಜಮೀನಿಗೆ ಕಾಲಿಡಬಾರದು, ಪೈಪು ರಸ್ತೆ ಬದಿಯಲ್ಲಿ ಹೋಗಲಿ ಎಂದು ಶಾಸಕರು ಸದನದಲ್ಲಿ ಕೇಳಬಹುದು, ದೆಹಲಿಗೆ ಬರೆಸಬಹುದು. ಕೇಳುವಂತೆ ಮಾಡಬೇಕಾದವರು ಓಟು ಹಾಕಿದವರು. ಇಷ್ಟನ್ನು ಹೇಳಲು ಅವಳು ಊರೆಲ್ಲಾ ಸುತ್ತಿದ್ದಳು.

ಶಾಸಕರಲ್ಲಿಗೆ ಹೊರಡುವ ಮುಂಚೆ ಅಮ್ಮ ಒಂದೇ ಮಾತು ಅಂದಿದ್ದಳು. "ಅಲ್ಲಿ ನನ್ ಹೆಸ್ರು ಎತ್ಬೇಡ ಮಗ." ಸಿಂಚನ ಆಗಲಿ ಎಂದಿದ್ದಳು.

ಸೋಮವಾರ ಶಾಸಕರ ಮನೆಗೆ ಹೋದವರು ಬೆರಳೆಣಿಕೆ ಮಂದಿ. ಗೋಪಾಲಪ್ಪನೂ ಬಂದಿದ್ದ, ಆದರೆ ಬೇರೆ ಬಸ್ಸಿನಲ್ಲಿ. ಅವನ ತೆಂಗಿನ ಸಾಲಿಗೂ ಕೆಂಪು ಬಣ್ಣ ಬಿದ್ದಿತ್ತು. ನಿಮ್ಮ ಮನೆಯವರನ್ನು ನಂಬಿ ಬಂದಿಲ್ಲ, ನನ್ನದು ನಾನೇ ಕೇಳಿಕೊಳ್ಳುತ್ತೇನೆ ಎಂದು ಅವಳಿಗೆ ಬೆನ್ನು ಹಾಕಿ ಕುರ್ಚಿ ಹಿಡಿದು ಕೂತ.

ಶಾಸಕರು ಕಾಫಿ ಕುಡಿಯುತ್ತಾ ಎಲ್ಲವನ್ನೂ ಕೇಳಿದರು. ಕೇಳುವುದೇನು, ತಲೆಯಾಡಿಸಿದರು. ಅಷ್ಟರಲ್ಲಿ ಅವರ ಪಿಎ ನವೀನ್‌ಕುಮಾರ್ ಬಗ್ಗಿ ಮೊಬೈಲು ತೋರಿಸಿದ. ಶಾಸಕರ ಮುಖದಲ್ಲಿ ನಗು ಹರಡಿತು. ಮೊಬೈಲನ್ನು ಎಲ್ಲರ ಕಡೆ ತಿರುಗಿಸಿದರು. ಅದೇ ಫೋಟೋ.

"ಇವರು ನಿಮ್ಮ ತಾಯಿಯವರಂತಲ್ಲಮ್ಮ? ನೀವೇ ಒಪ್ಕೊಂಡು ಪೂಜೆ ಮಾಡಿ ಕರ್ಕೊಂಡಿದೀರಿ. ಈಗ ಬೇಡ ಅಂದ್ರೆ ನಾನು ಸದನದಲ್ಲಿ ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

ಕೋಣೆಯಲ್ಲಿದ್ದವರು ನಕ್ಕರು. ಗೋಪಾಲಪ್ಪನೂ ನಕ್ಕ; ಎಲ್ಲರಿಗಿಂತ ಕೊಂಚ ಜೋರಾಗಿಯೇ.

ಸಿಂಚನ ತಲೆ ತಗ್ಗಿಸಿದಳು. ನೆಲದ ಟೈಲ್ಸ್ ನೋಡುತ್ತಿದ್ದವಳಿಗೆ ಅಮ್ಮನ ತಟ್ಟೆ ಕಣ್ಣಿಗೆ ಕಟ್ಟಿತು. ಆ ತಟ್ಟೆ ಅಟ್ಟಕ್ಕೆ ಹೋಗುವ ಮುಂಚೆ ಇನ್ನೊಂದು ಸಲ ಬಾಗಿಲಿಗೆ ಬಂದಿತ್ತು. ಅವಳಿಗೆ ಚೆನ್ನಾಗಿ ನೆನಪಿತ್ತು, ಎಣ್ಣೆ ಬತ್ತಿ ಹಾಕಿಕೊಟ್ಟವಳು ತಾನೇ. ಹೆಸರೆತ್ತುವುದಿಲ್ಲ ಎಂದು ಅಮ್ಮನಿಗೆ ಕೊಟ್ಟ ಮಾತಿತ್ತು. ಅದನ್ನು ದಾಟಿ, ತನಗೇ ಹೇಳಿಕೊಳ್ಳುವಷ್ಟು ಮೆಲ್ಲಗೆ ಅಂದಳು:

"ಓಟು ಕೇಳೋಕ್ ನೀವ್ ಬಂದಾಗ್ಲೂ ನಮ್ಮಮ್ಮ ಇದೇ ತಟ್ಟೇಲಿ ಆರತಿ ಎತ್ತಿದ್ರು ಸಾರ್. ಅವತ್ತೇ ನಮ್ಮನೆ ನಿಮ್ ಹೆಸ್ರಿಗಾಗೋಯ್ತಾ?"

ಶಾಸಕರಿಗೆ ಕೇಳಿಸಲಿಲ್ಲ. ಏನಂತೆ ಎಂದು ಪಿಎ ಕಡೆ ನೋಡಿದರು. ಏನಿಲ್ಲ ಸಾರ್, ಪರಿಹಾರದ ವಿಷಯ ಎಂದ ಅವನು.

ಗೋಪಾಲಪ್ಪ ಕೂತಿದ್ದದ್ದು ಅವಳ ಮಗ್ಗುಲಲ್ಲೇ. ಅವನ ನಗು ನಿಂತಿತು. ಎದ್ದ. ಘಾಟಿಯ ದನದ ಪರಿಷೆಯಲ್ಲಿ ಹೋರಿ ವ್ಯಾಪಾರ ಮಾಡಿ ಬೆಳೆದ ಗಂಟಲು ಅದು.

"ಪರಿಹಾರ ಅಲ್ಲ ಸ್ವಾಮಿ. ಓಟು ಕೇಳಾಕ್ ನೀವ್ ಬಂದಾಗ್ಲೂ ಇದೇ ತಟ್ಟೇಲಿ ಆರತಿ ಎತ್ತಿದ್ರಂತೆ. ಅವತ್ತೇ ಮನೆ ನಿಮ್ ಹೆಸ್ರಿಗಾಗೋಯ್ತಾ ಅಂತ ಕೇಳ್ತಾವ್ಳೆ ಹುಡ್ಗಿ. ನಮ್ಮನೇವ್ಳು ಪಿಳ್ಳಮ್ಮಾನೂ ಎತ್ತಿದ್ಲು. ನಮ್ದೂ ಸೇರ್ಸ್ಕೊಂಡು ಹೇಳ್ಬಿಡಿ."

ಈ ಸಲವೂ ನಗು ಎದ್ದಿತು, ಆದರೆ ಅದರ ಮುಖ ಶಾಸಕರ ಕಡೆಗಿತ್ತು. ಹೊರಗೆ ವರಾಂಡದಲ್ಲಿ ಕಾಯುತ್ತಿದ್ದ ಬೇರೆ ಊರಿನವರೂ ಬಾಗಿಲಿಗೆ ಬಂದು ಇಣುಕಿದರು. ಶಾಸಕರು ಕಾಫಿ ಲೋಟ ಕೆಳಗಿಟ್ಟರು. ಪ್ರಶ್ನೆ ಕೇಳೋಣ, ಕಾಗದವನ್ನೂ ಬರೆಯೋಣ ಎಂದರು. ಆದರೆ ಇಷ್ಟೇ ಜನ ಬಂದರೆ ಊರು ಎಂದು ಹೇಗೆ ಹೇಳಲಿ, ಮುಂದಿನ ಸೋಮವಾರ ಪೈಪು ಹಾಯುವ ಕಡೆಯವರೆಲ್ಲ ಬನ್ನಿ ಎಂದರು. ಯಾರೂ ಬರುವುದಿಲ್ಲ ಎಂಬ ಧೈರ್ಯ ಆ ಮಾತಿನಲ್ಲಿ ಚೆನ್ನಾಗಿಯೇ ಕೇಳಿಸುತ್ತಿತ್ತು.

ಬಸ್‌ಸ್ಟಾಪಿನಲ್ಲಿ ಗೋಪಾಲಪ್ಪ ದೂರವೇ ನಿಂತ. ಬಸ್ಸು ಹತ್ತುವಾಗ ಅವಳ ಕಡೆ ನೋಡದೆ ಅಂದ, "ನಿನ್ ಮೇಲೆ ಕರುಣೆ ಬಂದು ಎದ್ದಿದ್ದಲ್ಲ ಕಣಮ್ಮ. ನಿಂಗೆ ಗಂಟ್ಲಿಲ್ಲ, ನಂಗೆ ಆ ಮಾತು ಹೊಳೀನಿಲ್ಲ. ಅಷ್ಟೇಯ."

ಮನೆಯಲ್ಲಿ ಸಿಂಚನ ನಡೆದದ್ದನ್ನೆಲ್ಲ ಹೇಳಿದಳು. ಮಾತು ಮುರಿದೆ ಎಂದೂ ಹೇಳಿದಳು. ಮುನಿಲಕ್ಷ್ಮಮ್ಮ ರಾಗಿ ಕೇರುತ್ತಲೇ ಕೇಳಿದಳು:

"ನಗಾಡಿದ್ರಾ?"

"ಮೊದ್ಲು ನಮ್ಮನ್ನ ನೋಡಿ. ಆಮೇಲೆ ಅವರನ್ನ."

ಮುನಿಲಕ್ಷ್ಮಮ್ಮ ಮೊರ ಕೆಳಗಿಟ್ಟಳು. ಏಣಿ ಹಾಕಿಸಿ ಅಟ್ಟದಿಂದ ಗಂಟು ಇಳಿಸಿದಳು. ಹುಣಸೆಹಣ್ಣು ಹಚ್ಚಿ ತಟ್ಟೆಯನ್ನು ಕೋಪ ತೀರುವಷ್ಟು ತಿಕ್ಕಿದಳು. ಕುಂಕುಮ ಹಾಕಲಿಲ್ಲ, ದೀಪ ಇಡಲಿಲ್ಲ. ಬರಿಯ ತಟ್ಟೆ ಹಿಡಿದು, ಹಿತ್ತಲ ಓಣಿ ಬಿಟ್ಟು ನಡುಬೀದಿಗೆ ಇಳಿದಳು. ಸಿಂಚನ ಹಿಂದೆ. ತೋಟದ ಕಡೆಯಿಂದ ಯಂತ್ರದ ಸದ್ದು ಊರೊಳಗೆ ಬರುತ್ತಿತ್ತು.

ಮೊದಲ ಮನೆಯವರು ಬಾಗಿಲು ಹಾಕಿಕೊಂಡರು. ಎರಡನೆಯವರು, ಮತ್ಯಾರಿಗೆ ಆರತಿ ಎಂದು ಚುಚ್ಚಿದರು. ಮುನಿಲಕ್ಷ್ಮಮ್ಮ, ಸೋಮವಾರ ಮೊದಲ ಬಸ್ಸಿಗೆ ಬನ್ನಿ ಎಂದಷ್ಟೇ ಹೇಳಿ ಮುಂದೆ ಹೋದಳು. ಗೋಪಾಲಪ್ಪನ ಜಗಲಿ ಮೇಲೆ ಪಿಳ್ಳಮ್ಮ ಆಗಲೇ ತನ್ನ ತಟ್ಟೆ ತಂದಿಟ್ಟುಕೊಂಡು ಕೂತಿದ್ದಳು. ಗಂಡ ಒಳಗಿನಿಂದ ಏನೋ ಗೊಣಗುತ್ತಿದ್ದ. ಎಣ್ಣೆ ಬತ್ತಿಯನ್ನೂ ತರಬೇಕಾ ಎಂದು ಪಿಳ್ಳಮ್ಮ ಕೇಳಿದಳು.

"ಬೇಡ ಕಣಕ್ಕ," ಎಂದಳು ಮುನಿಲಕ್ಷ್ಮಮ್ಮ. "ದೀಪ ಹಚ್ಚಿದ್ರೆ ಎಂಎಲ್ಎ ನೋಟು ಹಾಕ್ಬಿಟ್ಟು ಹೋಗ್ತಾರೆ. ಖಾಲಿ ತಟ್ಟೆ ಹಿಡ್ಕೊಂಡ್ ಬಾ. ಈ ಸಲ ಮಾತು ಹಾಕ್ಲಿ."