ತಂತಿ ಕೆಳಗಿನ ಬೇವು

ಕೆ.ಆರ್. ಪುರದಲ್ಲಿ ಹೈಟೆನ್ಷನ್ ತಂತಿಯ ಕೆಳಗೆ ಯಾರೂ ಮನೆ ಕಟ್ಟುವಂತಿಲ್ಲ. ನಮ್ಮ ಮಾಲೀಕ ಪಿಳ್ಳಪ್ಪ ಅಲ್ಲೇ ಶೀಟಿನ ಕೋಣೆಗಳನ್ನು ಎಬ್ಬಿಸಿ, ಯಾದಗಿರಿಯಿಂದ ದುಡಿಯಲು ಬಂದ ನಮಗೆ ಬಾಡಿಗೆಗೆ ಕೊಟ್ಟಿದ್ದಾನೆ. ಅವು ರಸ್ತೆಗೆ ಕಾಣದಂತೆ ಒಂದು ಬೇವಿನ ಮರ ಅಡ್ಡ ನಿಂತಿದೆ. ಲೈನಿನವರು ಅದನ್ನು ಕಡಿಯಲು ಬರುತ್ತಾರೆಂದು ತಿಳಿದ ಕೂಡಲೇ ಈ ಕಳ್ಳ ಬುಡಕ್ಕೆ ಅರಿಶಿನ ಬಳಿದು, ಕುಂಕುಮವಿಟ್ಟು, ಒಂದು ಕಲ್ಲು ನೆಟ್ಟ. ಬಂದವರು ಕೈಮುಗಿದು, ತಂತಿಯತ್ತ ಚಾಚಿದ ಕೊಂಬೆಗಳನ್ನಷ್ಟೇ ಸವರಿ ಹೋದರು.

ನಮ್ಮ ಹೆಂಗಸರಿಗೆ ಅಷ್ಟು ಸಾಕಿತ್ತು. ಪ್ರತಿ ಶುಕ್ರವಾರ ನೀರೆರೆದೆವು, ಹಸಿರು ಬಳೆ ಏರಿಸಿದೆವು, ಅಮ್ಮನಿಗೆ ಉಡಿ ತುಂಬಿದೆವು.

ಇವತ್ತು ಪಿಳ್ಳಪ್ಪನೇ ಗರಗಸದವನನ್ನು ಕರೆತಂದ. ಮರೆಗೆ ರಸ್ತೆಬದಿ ತಗಡು ನಿಲ್ಲಿಸಿ, ಆ ಜಾಗದಲ್ಲಿ ಇನ್ನೊಂದು ಕೋಣೆ ಎಬ್ಬಿಸುತ್ತಾನಂತೆ. ನಾನು ಮರಕ್ಕೆ ಬೆನ್ನು ಕೊಟ್ಟು ನಿಂತೆ.

“ಜಟ್ಟೆಮ್ಮ, ಸೈಡಿಗ್ ಬಾ. ಆ ಅರಿಶಿನ ಬಳ್ದೋನು ನಾನೇ. ಅಲ್ಲಿ ದೇವ್ರೂ ಇಲ್ಲ, ಮಣ್ಣೂ ಇಲ್ಲ!”

“ಬಳಿದವ್ರು ನೀವು. ಉಡಿ ತುಂಬಿದವ್ರು ನಾವು.”

“ನಾಳೇನೇ ರೂಮ್ ಖಾಲಿ ಮಾಡು!”

ನಾನು ಫೋನ್ ತೆಗೆದೆ. ಕೊಂಬೆ ಸವರಲು ಬಂದಿದ್ದ ಬಸಣ್ಣ ನಮ್ಮೂರ ಕಡೆಯವನು, ನಂಬರು ಕೊಟ್ಟು ಹೋಗಿದ್ದ.

“ಅಣ್ಣಾ, ನಿಮ್ಮ ಸಾಹೇಬ್ರನ್ನ ಕರ್ಕೊಂಡ್ ಬರ್ರಿ. ಈ ಬೇವಿನ ಗಿಡದ ಹಿಂದ, ನಿಮ್ಮ ತಂತಿ ಕೆಳಗ, ಶೀಟಿನ ಮನಿ ಅದಾವ.”

ಪಿಳ್ಳಪ್ಪನ ಮುಖ ಬಿಳಿಚಿತು. “ಏಯ್, ನೀನಿರೋ ರೂಮೂ ಹೋಗುತ್ತೆ ಕಣೇ!”

“ಹೋಗ್ಲಿ ಬಿಡ್ರಿ. ನಾವು ಬಾಡಿಗಿ ಮಂದಿ, ಗಂಟು ಕಟ್ಕೊಂಡು ಎಲ್ಲಿಗ್ಯಾದ್ರೂ ಹೋಗ್ತೀವಿ. ನಿಮ್ಮ ಶೀಟು, ಗ್ವಾಡಿಗೋಳು ನಿಮ್ಮ ಹಿಂದ ಬರ್ತಾವೇನ್ರಿ?”